‘ನಾಳೆ ಬರ್ರಿ’ ಎನ್ನುವಲ್ಲಿ ಸೋರಿಹೋಗುವ ವೇಳೆ

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಒಂದು ಸಿಂಗಲ್ ಕಲರ್ ಆಫ್‌ಸೆಟ್ ಮಷಿನ್, ಒಂದು ಕಟಿಂಗ್ ಮಷಿನ್. ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಲು, ಒಬ್ಬ ಹುಡುಗಿ, ಮಷಿನ್ ಮೇಲೆ ಇಬ್ಬರು, ಬೈಂಡಿಂಗ್‌ಗೆ ಒಬ್ಬರು. ಲೆಕ್ಕಪತ್ರ ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್, ಕ್ಯಾಲೆಂಡರ್ ಅಂತ ಕೆಲಸಕ್ಕೇನೂ ಬರ ಇಲ್ಲ, ವೇಳೆಗೇ ಬರ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರೆ ರಾತ್ರಿ ಹತ್ತಾದರೂ ಮುಗಿಯುವುದಿಲ್ಲ. ಭಾನುವಾರವೂ ಅರ್ಧ ದಿನ ಅಲ್ಲೇ. ಇಡೀ ದಿನ ಫೋನು. ಡೈರಿ ಬರೆದು ನೋಡಿದೆ, ಮೊಬೈಲ್‌ನಲ್ಲಿ ಆ್ಯಪ್ ಹಾಕಿ ನೋಡಿದೆ, ಎಂಟು ದಿನಕ್ಕೆ ಎರಡೂ ಬಿಟ್ಟುಹೋದವು. ಇನ್ನೊಬ್ಬ ಆಳನ್ನು ಇಟ್ಟುಕೊಳ್ಳಲೇ? ಅಥವಾ ನನ್ನಲ್ಲೇ ಶಿಸ್ತು ಇಲ್ಲವೇ?

ಉತ್ತರ: ಶಿಸ್ತಿನ ಮಾತು ಮೊದಲು ಬಿಡಿ. ವರ್ಷಗಟ್ಟಲೆ ದಿನಾ ಎಂಟಕ್ಕೆ ಬಾಗಿಲು ತೆಗೆಯುವವರಿಗೆ ಶಿಸ್ತಿನ ಪಾಠ ಹೇಳುವವನು ತಾನು ಅಂಗಡಿ ನಡೆಸಿರುವುದಿಲ್ಲ. ಡೈರಿ, ಆ್ಯಪ್ ಕೈಕೊಟ್ಟದ್ದಕ್ಕೆ ಕಾರಣ ಬೇರೆ. ಹತ್ತರಿಂದ ಹನ್ನೊಂದು ಈ ಕೆಲಸ, ಹನ್ನೊಂದರಿಂದ ಹನ್ನೆರಡು ಆ ಕೆಲಸ ಎಂದು ಗೆರೆ ಹಾಕುವ ಪದ್ಧತಿ, ತನ್ನ ದಿನ ತನ್ನ ಕೈಯಲ್ಲೇ ಇರುವವರಿಗೆ ಮಾಡಿದ್ದು. ನಿಮ್ಮ ದಿನ ಗಿರಾಕಿಯ ಕೈಯಲ್ಲಿದೆ. ಹತ್ತೂ ಹತ್ತಕ್ಕೆ ನರಗುಂದದಿಂದ ಯಾರೋ ಬಸ್ಸಿಳಿದು ಬಂದು ಎದುರು ಕೂತರೆ ಡೈರಿಯಲ್ಲಿ ಬರೆದದ್ದು ಅಲ್ಲಿಗೆ ಮುಗಿಯಿತು. ಆದ್ದರಿಂದ ಇನ್ನೊಂದು ಆ್ಯಪ್ ಹುಡುಕಬೇಡಿ. ನಿಮ್ಮ ವೇಳೆ ಎಲ್ಲಿ ಹೋಗುತ್ತಿದೆ ಎಂಬುದನ್ನು ಹುಡುಕೋಣ.

ಅದಕ್ಕೊಂದು ಸಣ್ಣ ಕೆಲಸ ಮಾಡಿ. ರದ್ದಿ ಕಾಗದಕ್ಕೆ ನಿಮ್ಮಲ್ಲಿ ಕೊರತೆ ಇಲ್ಲ. ಗಲ್ಲಾದ ಪಕ್ಕ ಒಂದು ಹಾಳೆ ಅಂಟಿಸಿ, ಒಂದು ವಾರ ನಿಮ್ಮನ್ನು ಯಾರು ಯಾವುದಕ್ಕೆ ಕರೆದರು ಎಂಬುದನ್ನಷ್ಟೇ ಗೀಟು ಹಾಕುತ್ತಾ ಹೋಗಿ. ಎಷ್ಟು ನಿಮಿಷ ಹೋಯಿತು ಅಂತ ಬರೆಯುವುದು ಬೇಡ, ಅದು ಎರಡನೇ ದಿನಕ್ಕೆ ಬೇಸರ ತರುತ್ತದೆ. ಎಷ್ಟು ಸಲ, ಯಾವುದಕ್ಕೆ, ಅಷ್ಟೇ ಸಾಕು. ಫೋನು ಬಂದರೆ ಒಂದು ಗೀಟು, ಮಷಿನ್‌ಮನ್ ಬಂದು ‘ಈ ಪೇಪರ್ ಹಾಕಲೇನ್ರಿ?’ ಅಂದರೆ ಒಂದು ಗೀಟು.

ವಾರ ಮುಗಿದ ಮೇಲೆ ಹಾಳೆ ತೆಗೆದು ನೋಡಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ವರ್ಕ್‌ಶಾಪ್ ಇರಲಿ, ಧಾರವಾಡದ ಟೇಲರಿಂಗ್ ಅಂಗಡಿ ಇರಲಿ, ಹಾವೇರಿಯ ಫ್ಲೆಕ್ಸ್ ಅಂಗಡಿ ಇರಲಿ, ಆರ್ಡರ್ ತೆಗೆದುಕೊಂಡು ಮಾಡಿಕೊಡುವ ಕಸುಬಿನಲ್ಲಿ ಅತಿ ಹೆಚ್ಚು ಗೀಟು ಬೀಳುವುದು ಒಂದೇ ಪ್ರಶ್ನೆಗೆ: ‘ನಮ್ದು ಆತೇನ್ರಿ?’ ನಿಮ್ಮಲ್ಲೂ ಅದೇ ಮೊದಲು ಬರುತ್ತದೆ ಎಂದು ಹೇಳಬಲ್ಲೆ.

ಈ ಪ್ರಶ್ನೆ ಗಿರಾಕಿಯ ಬಾಯಿಗೆ ಬರುವ ಹಾಗೆ ಮಾಡಿದವರು ನೀವೇ. ಸೋಮವಾರ ಒಬ್ಬರು ಸಾವಿರ ಹ್ಯಾಂಡ್‌ಬಿಲ್ ಬೇಕೆಂದು ಬರುತ್ತಾರೆ. ‘ಬುಧವಾರ ಬರ್ರಿ’ ಅನ್ನುತ್ತೀರಿ. ಬುಧವಾರಕ್ಕೆ ಆಗುವುದಿಲ್ಲ ಎಂದು ಹೇಳುವಾಗಲೇ ನಿಮಗೆ ಅರ್ಧ ಗೊತ್ತಿರುತ್ತದೆ. ಆದರೆ ಶನಿವಾರ ಅಂದರೆ ಬೇರೆ ಪ್ರೆಸ್ಸಿಗೆ ಹೋದಾರು ಎಂಬ ಅಂಜಿಕೆ. ಬುಧವಾರ ಬೆಳಿಗ್ಗೆ ಅವರ ಫೋನು. ಮಧ್ಯಾಹ್ನ ಅವರೇ ಬಂದರು. ನೀವು ಕೈಯಲ್ಲಿದ್ದ ಕೊಟೇಶನ್ ಬಿಟ್ಟು ಎದ್ದು, ಫೈಲ್ ಎಲ್ಲಿದೆ ಎಂದು ಡಿಟಿಪಿ ಹುಡುಗಿಯನ್ನು ಕೇಳಿ, ಅಚ್ಚಿಗೆ ಬೇಕಾದ ಪ್ಲೇಟ್ ಬಂದಿದೆಯೇ ಎಂದು ನೋಡಿ, ಅವರಿಗೊಂದು ಚಹಾ ತರಿಸಿ, ಸಮಾಧಾನ ಹೇಳಿ, ‘ಈಗ ಹಾಕಿಸಿಬಿಡ್ತೀನ್ರಿ’ ಅನ್ನುತ್ತೀರಿ. ಮಷಿನ್ ಮೇಲೆ ಆಗ ಕೆಂಪು ಶಾಯಿಯಲ್ಲಿ ಲಗ್ನಪತ್ರಿಕೆ ನಡೆದಿರುತ್ತದೆ. ಅದನ್ನು ನಿಲ್ಲಿಸಿ, ರೋಲರ್ ತೊಳೆದು, ಕಪ್ಪು ಶಾಯಿ ಹಾಕಿ ಹ್ಯಾಂಡ್‌ಬಿಲ್ ಹೊಡೆದು, ಮತ್ತೆ ತೊಳೆದು ಕೆಂಪಿಗೆ ಬರುವಷ್ಟರಲ್ಲಿ ಸಂಜೆ. ಲಗ್ನಪತ್ರಿಕೆ ಗುರುವಾರಕ್ಕೆ ಹೋಯಿತು. ಗುರುವಾರ ಲಗ್ನದ ಮನೆಯವರ ಫೋನು.

ರಾತ್ರಿ ಹತ್ತರವರೆಗೆ ನೀವು ಕೂರುತ್ತಿರುವುದು ಬಹುಮಟ್ಟಿಗೆ ಈ ಸುತ್ತಿಗೇ. ಕೊಟ್ಟ ತಾರೀಖು ಒಂದು ತಪ್ಪಿದರೆ ಅದು ಎರಡು ಫೋನು, ಒಂದು ಭೇಟಿ, ಒಂದು ಶಾಯಿ ಬದಲಾವಣೆಯನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ನಿಮ್ಮ ಕಸುಬಿನಲ್ಲಿ ವೇಳೆ ಉಳಿಸುವುದೆಂದರೆ ತಾರೀಖು ಸರಿಯಾಗಿ ಹೇಳುವುದು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಸರಿಯಾದ ತಾರೀಖನ್ನು ಎಲ್ಲಿಂದ ತರಬೇಕು? ಅದಕ್ಕೆ ಅನುಭವದ ಅಂದಾಜು ಸಾಲದು, ಆದರೆ ಲೆಕ್ಕ ಬಹಳ ಸುಲಭ. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಒಂದು ಸೂತ್ರ ಇದೆ, ಕಾರ್ಖಾನೆಗಳಲ್ಲಿ ಇಂದಿಗೂ ಅದನ್ನೇ ಬಳಸುತ್ತಾರೆ. ಕೈಯಲ್ಲಿರುವ ಒಟ್ಟು ಕೆಲಸವನ್ನು ದಿನಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿದರೆ, ಒಂದು ಕೆಲಸ ಒಳಗೆ ಬಂದು ಹೊರಗೆ ಹೋಗಲು ಸರಾಸರಿ ಎಷ್ಟು ದಿನ ಹಿಡಿಯುತ್ತದೆ ಎಂಬುದು ಸಿಗುತ್ತದೆ. ನಿಮ್ಮಲ್ಲಿ 24 ಕೆಲಸ ಬಾಕಿ ಇವೆ, ದಿನಕ್ಕೆ 4 ಹೊರಗೆ ಹೋಗುತ್ತವೆ ಎಂದಿಟ್ಟುಕೊಳ್ಳಿ. ಆರು ದಿನ. ಅಂದಮೇಲೆ ಇವತ್ತು ಬಂದವರಿಗೆ ‘ನಾಡಿದ್ದು ಬರ್ರಿ’ ಅನ್ನಬೇಕಾದರೆ ಇನ್ಯಾರದ್ದೋ ತಾರೀಖು ಮುರಿಯಲೇಬೇಕು. ನೀವು ಎಷ್ಟೇ ಓಡಾಡಿದರೂ, ಎಷ್ಟೇ ಹೊತ್ತು ಕೂತರೂ ಈ ಭಾಗಾಕಾರ ಬದಲಾಗದು.

ಈ ಲೆಕ್ಕದೊಳಗೆ ಇನ್ನೊಂದು ವಿಷಯವಿದೆ. ಕೆಲಸ ಬೇಗ ಹೊರಗೆ ಹೋಗಬೇಕಾದರೆ ಒಂದೋ ದಿನದ ನಾಲ್ಕನ್ನು ಐದು ಮಾಡಬೇಕು, ಇಲ್ಲವೇ 24ನ್ನು ಕಡಿಮೆ ಮಾಡಬೇಕು. ಎಲ್ಲರೂ ಮೊದಲನೆಯದರ ಹಿಂದೆ ಬೀಳುತ್ತಾರೆ. ಎರಡನೆಯದು ಸುಲಭ. ಆ 24ರಲ್ಲಿ ಎಷ್ಟು ಕೆಲಸ ನಿಜವಾಗಿ ನಿಮ್ಮ ಕೈಯಲ್ಲಿವೆ, ಎಷ್ಟು ಗಿರಾಕಿ ಪ್ರೂಫ್ (ಅಚ್ಚಿಗೆ ಮುಂಚಿನ ಮಾದರಿ ಪ್ರತಿ) ನೋಡಿ ಹೇಳಲಿ ಎಂದು ಕಾಯುತ್ತಾ ಬಿದ್ದಿವೆ, ಎಷ್ಟಕ್ಕೆ ಅಡ್ವಾನ್ಸ್ ಬಂದಿಲ್ಲ, ಎಷ್ಟಕ್ಕೆ ಹುಬ್ಬಳ್ಳಿಯಿಂದ ಪೇಪರ್ ಬರಬೇಕು, ಬೇರೆ ಬೇರೆ ಮಾಡಿ ನೋಡಿ. ಅರೆಬರೆ ಕೆಲಸಗಳೆಲ್ಲ ಟೇಬಲ್ ಮೇಲೆ, ತಲೆಯೊಳಗೆ, ಡಿಟಿಪಿ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಹರಡಿಕೊಂಡಿರುವುದರಿಂದಲೇ ಯಾವುದು ಎಲ್ಲಿದೆ ಎಂದು ಹುಡುಕುವುದೇ ಒಂದು ಉದ್ಯೋಗವಾಗಿದೆ.

ಒಂದು ಬಿಳಿ ಬೋರ್ಡ್ ತಂದು ಮಷಿನ್ ಎದುರಿನ ಗೋಡೆಗೆ ಹಾಕಿ. ನಾಲ್ಕು ಮನೆ ಸಾಕು: ಪ್ರೂಫ್ ಆಗಬೇಕು, ಪ್ಲೇಟ್-ಪೇಪರ್ ಬರಬೇಕು, ಮಷಿನ್‌ಗೆ ತಯಾರು, ಬೈಂಡಿಂಗ್. ಪ್ರತಿ ಕೆಲಸಕ್ಕೂ ಒಂದು ಚೀಟಿ, ಚೀಟಿ ಮೇಲೆ ಗಿರಾಕಿಯ ಹೆಸರು, ಶಾಯಿಯ ಬಣ್ಣ, ಕೊಡುವ ತಾರೀಖು. ತಾರೀಖು ಬರೆಯುವುದು ಆರ್ಡರ್ ಕೊಟ್ಟ ದಿನ ಅಲ್ಲ, ಪ್ರೂಫ್ ಒಪ್ಪಿ ಅಡ್ವಾನ್ಸ್ ಕೊಟ್ಟ ದಿನ. ಗಿರಾಕಿಗೂ ಹಾಗೆಯೇ ಹೇಳಿ: ‘ನೀವು ಪ್ರೂಫ್ ಓಕೆ ಅಂದ ದಿನದಿಂದ ಆರು ದಿನಾರಿ.’ ಮೊದಲ ಒಂದೆರಡು ವಾರ ಕೆಲವರು ಮುಖ ಸಿಂಡರಿಸುತ್ತಾರೆ, ಒಬ್ಬಿಬ್ಬರು ಬೇರೆ ಕಡೆ ಹೋಗಲೂಬಹುದು. ಹೋಗಲಿ. ಆರು ದಿನ ಎಂದು ಹೇಳಿ ಐದನೇ ದಿನ ನೀವೇ ಫೋನ್ ಮಾಡಿ ‘ಆಗ್ಯದ್ರಿ, ಒಯ್ರಿ’ ಅಂದರೆ ಆ ಗಿರಾಕಿ ಮುಂದೆ ‘ಆತೇನ್ರಿ’ ಎಂದು ಕೇಳುವುದನ್ನು ಬಿಡುತ್ತಾರೆ. ಬೋರ್ಡ್ ಇದ್ದರೆ ಆ ಪ್ರಶ್ನೆಗೆ ಉತ್ತರ ಕೊಡಲು ನೀವೇ ಬೇಕಾಗುವುದೂ ಇಲ್ಲ. ಬೈಂಡಿಂಗ್‌ನವರೂ ಗೋಡೆ ನೋಡಿ ಹೇಳಬಹುದು.

ನಮ್ಮ ಕಡೆ ಅರ್ಜೆಂಟ್ ಕೆಲಸ ಇದ್ದೇ ಇರುತ್ತದೆ. ಸಾವಿನ ನಂತರದ ಶಿವಗಣಾರಾಧನೆಯ ಕಾರ್ಡ್ ಆರು ದಿನ ಕಾಯುವುದಿಲ್ಲ. ನಾಳಿದ್ದು ಜಾತ್ರೆ, ಇವತ್ತು ಹ್ಯಾಂಡ್‌ಬಿಲ್ ನೆನಪಾಯಿತು ಎಂದು ಬರುವ ಕಮಿಟಿಯವರೂ ಇರುತ್ತಾರೆ. ಇವನ್ನು ಬೇಡ ಅನ್ನಲು ಬರುವುದಿಲ್ಲ, ಅನ್ನಲೂಬಾರದು. ಹಾಗಾಗಿ ದಿನಕ್ಕೆ ನಾಲ್ಕು ಕೆಲಸ ಆಗುವ ಮಷಿನ್‌ಗೆ ಮೂರನ್ನೇ ಬರೆದಿಡಿ. ಸಂಜೆ ನಾಲ್ಕರ ನಂತರದ ಹೊತ್ತು ಇಂಥ ಕೆಲಸಕ್ಕೆ. ಯಾವುದೂ ಬರದಿದ್ದರೆ ನಾಳೆಯದನ್ನು ಇವತ್ತೇ ಹೊಡೆದರಾಯಿತು. ಹಾಗೆ ಮಾಡಿದರೆ ಮೇಲಿನ ಭಾಗಾಕಾರದಲ್ಲಿ ಕೆಳಗಿನ ಅಂಕಿ ಮೂರಾಗುತ್ತದೆ, ಆರು ದಿನದ ಬದಲು ಎಂಟು ದಿನ ಹೇಳಬೇಕಾಗುತ್ತದೆ. ಹೇಳಿ. ಅರ್ಜೆಂಟ್‌ಗೆ ಹೆಚ್ಚಿನ ದರ ಹಚ್ಚುವುದು ನ್ಯಾಯವೇ, ಆದರೆ ಸಾವಿನ ಮನೆಯವರಿಗೆ ಬೇಡ. ಅದು ನಿಮಗೆ ನಾನು ಹೇಳಬೇಕಾದ್ದಲ್ಲ.

ಈಗ ಮಷಿನ್. ಇಲ್ಲಿ ನೀವು ಗಮನಿಸದ ವೇಳೆ ಬಹಳಷ್ಟಿದೆ. ಸಿಂಗಲ್ ಕಲರ್ ಆಫ್‌ಸೆಟ್‌ನಲ್ಲಿ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಶಾಯಿ ತೆಗೆದು, ರೋಲರ್ ತೊಳೆದು, ರಬ್ಬರ್ ಬ್ಲ್ಯಾಂಕೆಟ್ ಒರೆಸಿ, ಹೊಸ ಶಾಯಿ ಹಾಕಿ, ಪ್ಲೇಟ್ ಕೂರಿಸಿ, ಅಚ್ಚು ಸರಿಯಾದ ಜಾಗಕ್ಕೆ ಬರುವವರೆಗೆ ಒಂದಿಷ್ಟು ಹಾಳೆ ರದ್ದಿ ಮಾಡಬೇಕು. ನಿಮ್ಮ ಮಷಿನ್‌ನಲ್ಲಿ ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ಒಮ್ಮೆ ನೋಡಿ. 25 ನಿಮಿಷ ಎಂದುಕೊಳ್ಳೋಣ. ದಿನಕ್ಕೆ ನಾಲ್ಕು ಸಲ ಬಣ್ಣ ಬದಲಾದರೆ 100 ನಿಮಿಷ, ಹೆಚ್ಚುಕಡಿಮೆ ಎರಡು ತಾಸು, ಮಷಿನ್ ಒಂದು ಹಾಳೆಯನ್ನೂ ಹೊಡೆಯದೆ ನಿಂತಿರುತ್ತದೆ. ಕೆಲಸವನ್ನು ಬಂದ ಸರದಿಯಲ್ಲಿ ಹಾಕದೆ ಬಣ್ಣದ ಸರದಿಯಲ್ಲಿ ಹಾಕಿ. ಹಗುರ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗಿ: ಹಳದಿ, ಕೇಸರಿ, ಕೆಂಪು, ನೀಲಿ, ಕಡೆಗೆ ಕಪ್ಪು. ಹಳದಿ ಮೇಲೆ ಕೆಂಪು ಬರುವಾಗ ಅಷ್ಟು ಉಜ್ಜಿ ತೊಳೆಯಬೇಕಾಗಿಲ್ಲ. ಕಪ್ಪು ಮುಗಿಸಿ ಹಳದಿಗೆ ಬರಬೇಕಾದರೆ ಎರಡೆರಡು ಸಲ ತೊಳೆದರೂ ಮಾಸಲು ಕಾಣುತ್ತದೆ. ನಿಮ್ಮ ಮಷಿನ್‌ಮನ್‌ಗೆ ಇದು ನನಗಿಂತ ಚೆನ್ನಾಗಿ ಗೊತ್ತು. ‘ಇದನ್ನ ಮೊದಲು ಹಾಕು’ ಎಂದು ನಡುವೆ ಬಂದು ನಿಲ್ಲುವವರು ನೀವು, ಅದಕ್ಕೇ ಅವರು ಹೇಳುವುದಿಲ್ಲ. ಲಗ್ನಪತ್ರಿಕೆಯ ಕೆಂಪು ಮತ್ತು ಮರೂನ್ ಕೆಲಸಗಳಿಗೆ ವಾರದಲ್ಲಿ ಎರಡು ದಿನ ಎಂದು ಗೊತ್ತುಮಾಡಿ, ಬಿಲ್ ಬುಕ್‌ನ ನೀಲಿ-ಕಪ್ಪಿಗೆ ಉಳಿದ ದಿನ. ಚೀಟಿ ಮೇಲೆ ಶಾಯಿಯ ಬಣ್ಣ ಬರೆಯಿರಿ ಎಂದದ್ದು ಇದಕ್ಕೇ.

ಇನ್ನೊಂದು ಮಾತು ಜಪಾನಿನದು. ಟೊಯೊಟಾ ಮೊದಲಾದ ಕಂಪನಿಗಳಲ್ಲಿ ತಗಡು ಒತ್ತುವ ದೊಡ್ಡ ಪ್ರೆಸ್ ಮಷಿನ್‌ಗಳ ಅಚ್ಚು (ಡೈ) ಬದಲಿಸುವುದಕ್ಕೆ ತಾಸುಗಟ್ಟಲೆ ಹಿಡಿಯುತ್ತಿದ್ದಾಗ ಶಿಗೆಯೊ ಶಿಂಗೊ ಎಂಬ ಇಂಜಿನಿಯರ್ ಅದನ್ನು ನಿಮಿಷಗಳಿಗೆ ಇಳಿಸುವ ದಾರಿ ತೋರಿಸಿದರು. ದಾರಿ ಏನೆಂದರೆ, ಮಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಮಷಿನ್ ಓಡುತ್ತಿರುವಾಗಲೂ ಮಾಡಬಹುದಾದ ಕೆಲಸ ಯಾವುದು ಎಂದು ಮೊದಲು ಬೇರೆ ಮಾಡುವುದು. ರೋಲರ್ ತೊಳೆಯಲು ಮಷಿನ್ ನಿಲ್ಲಿಸಲೇಬೇಕು. ಆದರೆ ಮುಂದಿನ ಕೆಲಸದ ಪೇಪರ್ ಕತ್ತರಿಸಿ ತಂದಿಡುವುದು, ಪ್ಲೇಟ್ ನೋಡಿ ಮಡಿಸಿಡುವುದು, ಶಾಯಿ ಕಲಸಿಡುವುದು, ಒಪ್ಪಿಗೆಯಾದ ಪ್ರೂಫ್ ಹಾಳೆಯನ್ನು ಕ್ಲಿಪ್ ಮಾಡಿ ತೂಗುಹಾಕುವುದು, ಇದ್ಯಾವುದಕ್ಕೂ ನಿಲ್ಲಿಸಬೇಕಾಗಿಲ್ಲ. ಮಷಿನ್ ಮೇಲೆ ಇಬ್ಬರಿದ್ದಾರೆ ಎಂದಿದ್ದೀರಿ. ಒಬ್ಬರು ಓಡಿಸುವಾಗ ಇನ್ನೊಬ್ಬರು ಮುಂದಿನದನ್ನು ತಯಾರಿಟ್ಟರೆ, ದಿನದ ನಾಲ್ಕು ಐದಾಗುವುದು ಇಲ್ಲಿಂದಲೇ, ಹೊಸ ಆಳಿಲ್ಲದೆ.

ಪ್ರೂಫಿಗೆ ಬರೋಣ. ಲಗ್ನಪತ್ರಿಕೆಯ ಪ್ರೂಫ್ ಎಂದರೆ ಏನೆಂದು ಪ್ರೆಸ್ಸಿನವರಿಗೆ ಹೇಳಿಕೊಡಬೇಕಾಗಿಲ್ಲ. ವಾಟ್ಸ್‌ಆ್ಯಪ್‌ಗೆ ಕಳಿಸಿದರೆ ಅದು ಮನೆಯ ಗ್ರೂಪಿಗೆ ಹೋಗುತ್ತದೆ. ಹುಡುಗನ ತಂದೆ ಒಂದು ತಿದ್ದುಪಡಿ, ಅಕ್ಕ ಇನ್ನೊಂದು. ಎಲ್ಲ ಸರಿಯಾಯಿತು ಎನ್ನುವಾಗ ‘ಆಗಮನಾಭಿಲಾಷಿಗಳು’ ಪಟ್ಟಿಯಲ್ಲಿ ಸಣ್ಣ ಸೋದರಮಾವನ ಹೆಸರು ಬಿಟ್ಟಿದೆ ಎಂದು ರಾತ್ರಿ ಒಂಬತ್ತೂವರೆಗೆ ಫೋನು. ಆ ಮಾವನ ಸಿಟ್ಟು ನಿಜವಾದದ್ದೇ, ಹೆಸರು ಸೇರಿಸಲೇಬೇಕು. ಆದರೆ ಐದು ಜನರಿಂದ ಐದು ಸಲ ತಿದ್ದುಪಡಿ ತೆಗೆದುಕೊಳ್ಳಬೇಕೆಂದಿಲ್ಲ. ಆರ್ಡರ್ ಬರೆಯುವಾಗಲೇ ಕೇಳಿ, ಮನೆಯವರ ಪರವಾಗಿ ಪ್ರೂಫ್ ಒಪ್ಪುವವರು ಯಾರು? ಒಂದು ಹೆಸರು, ಒಂದು ನಂಬರ್. ಎರಡು ಪ್ರೂಫ್ ದರದಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ ಹಣ ಎಂದು ಆರ್ಡರ್ ಫಾರ್ಮ್ ಮೇಲೆ ಅಚ್ಚು ಹಾಕಿಸಿ. ಅಚ್ಚು ಹಾಕುವುದು ನಿಮಗೆ ಪುಕ್ಕಟೆ. ಆ ಹಣ ನೀವು ವಸೂಲಿ ಮಾಡುತ್ತೀರೋ ಬಿಡುತ್ತೀರೋ ಬೇರೆ ಮಾತು. ಅಚ್ಚಾದ ಸಾಲು ಕಂಡರೆ ಮನೆಯವರು ಒಮ್ಮೆಗೇ ಕೂತು ಎಲ್ಲರ ಹೆಸರು ಓದಿ ಕಳಿಸುತ್ತಾರೆ. ಒಪ್ಪಿಗೆ ಫೋನಿನಲ್ಲಿ ಬೇಡ, ವಾಟ್ಸ್‌ಆ್ಯಪ್‌ನಲ್ಲಿ ‘ಓಕೆ’ ಎಂದು ಬರಲಿ. ಮುಂದೆ ತಾರೀಖೋ ವಾರವೋ ತಪ್ಪಾಗಿದೆ ಎಂದು ಜಗಳ ಬಂದರೆ ಕಾಣಿಸಲು ಅದೊಂದಿರುತ್ತದೆ.

ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಬಳಸದಿದ್ದರೆ ಬಳಸಿ. ಅದು ಪುಕ್ಕಟೆ. ‘ಪ್ರೂಫ್ ಕಳಿಸಿದ್ದೇವೆ, ನೋಡಿ ಓಕೆ ತಿಳಿಸಿ’ ಎಂಬಂಥ ಸಿದ್ಧ ಉತ್ತರಗಳನ್ನು ಬರೆದಿಟ್ಟುಕೊಳ್ಳಲು ಬರುತ್ತದೆ, ಗಿರಾಕಿಗಳಿಗೆ ಬಣ್ಣದ ಲೇಬಲ್ ಹಚ್ಚಲು ಬರುತ್ತದೆ. ಬೋರ್ಡಿನ ನಾಲ್ಕು ಮನೆಗಳನ್ನೇ ಲೇಬಲ್ ಮಾಡಿ. ಆ ಫೋನು ಕೌಂಟರ್ ಮೇಲೆ ಇರಲಿ, ನಿಮ್ಮ ಕಿಸೆಯಲ್ಲಿ ಅಲ್ಲ. ನಿಮ್ಮ ಸ್ವಂತ ನಂಬರು ಮಗಳ ಶಾಲೆಗೆ, ಪೇಪರ್ ವ್ಯಾಪಾರಿಗೆ, ಬ್ಯಾಂಕಿಗೆ.

ನಿಮ್ಮ ಗೀಟಿನ ಹಾಳೆಯಲ್ಲಿ ಎರಡನೇ ದೊಡ್ಡ ರಾಶಿ ನಿಮ್ಮದೇ ಆಳುಗಳದಾಗಿರುತ್ತದೆ. ‘ಈ ಪೇಪರ್ ಖಾಲಿ ಆಗೇದ, ಇದರ ಬದಲಿ ಇದು ಹಾಕಲೇನ್ರಿ?’ ‘ಇವರು ಐವತ್ತು ರೂಪಾಯಿ ಕಡಿಮಿ ಮಾಡ್ರಿ ಅಂತಾರ, ಏನು ಹೇಳ್ಲಿ?’ ಇಂಥ ಒಂದೊಂದಕ್ಕೂ ಅರ್ಧ ನಿಮಿಷ ಸಾಕು, ಆದರೆ ಕೊಟೇಶನ್ ಹಾಕುತ್ತಿದ್ದವರು ಮತ್ತೆ ಆ ಲೆಕ್ಕದ ತುದಿ ಹಿಡಿಯಲು ಅರ್ಧ ನಿಮಿಷ ಸಾಲದು. ಈ ಪ್ರಶ್ನೆಗಳು ಬರುವುದು ಆಳುಗಳಿಗೆ ಬುದ್ಧಿ ಇಲ್ಲ ಎಂದಲ್ಲ, ತಪ್ಪಾದರೆ ಬೈಸಿಕೊಳ್ಳುವವರು ತಾವು ಎಂದು. ದರಪಟ್ಟಿ ಅಚ್ಚು ಹಾಕಿಸಿ ಕೌಂಟರ್‌ಗೆ ಅಂಟಿಸಿ: ಬಿಲ್ ಬುಕ್ ಇಷ್ಟು ಪುಟ, ಇಷ್ಟು ಕಾಪಿ, ಇಷ್ಟು ದರ. ಒಂದು ಮಿತಿ ಹೇಳಿಬಿಡಿ, 100 ರೂಪಾಯಿಯವರೆಗೆ ಬಿಡುವ ಅಧಿಕಾರ ಡಿಟಿಪಿ ಹುಡುಗಿಗೆ, ನನ್ನನ್ನು ಕೇಳಬೇಡ. ಆಕೆ ಬಿಟ್ಟ ಮೇಲೆ ‘ಯಾಕೆ ಬಿಟ್ಟಿ’ ಎಂದು ಒಮ್ಮೆ ಕೇಳಿದರೂ ಮುಗಿಯಿತು, ಮರುದಿನದಿಂದ ಎಲ್ಲ ಪ್ರಶ್ನೆಗಳೂ ವಾಪಸ್ ನಿಮ್ಮ ಬಳಿಗೇ. ಇಲ್ಲಿ ನಿಮಗೆ ಶಿಸ್ತು ಬೇಕು, ಬೇರೆಲ್ಲೂ ಅಲ್ಲ.

ಇದೇ ಮಾತು ಮನೆಯವರಿಗೂ. ‘ಲೆಕ್ಕಪತ್ರ ನೋಡಿಕೊಳ್ಳುತ್ತಾರೆ’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಅವರು ಬಾಕಿಯ ಪಟ್ಟಿ ಮಾಡುತ್ತಾರೆ, ಆದರೆ ಬಾಕಿ ಇರುವವರಿಗೆ ಹೊಸ ಕೆಲಸ ತೆಗೆದುಕೊಳ್ಳುವವರು ನೀವು, ಅಲ್ಲವೇ? ಹಳೇ ಉದ್ರಿ ತೀರದವರ ಹೊಸ ಆರ್ಡರ್ ಮಷಿನ್‌ಗೆ ಹೋಗುವುದಿಲ್ಲ ಎಂದು ಹೇಳುವ ಹಕ್ಕನ್ನು ಅವರಿಗೇ ಕೊಡಿ. ವಸೂಲಿಗಾಗಿ ನೀವು ಅಲೆಯುವ ವೇಳೆ ಅರ್ಧಕ್ಕೆ ಇಳಿಯುತ್ತದೆ. ಗಿರಾಕಿಯ ಎದುರು ‘ನಮ್ಮ ಮನಿಯವರು ಒಪ್ಪೂದಿಲ್ರಿ’ ಎನ್ನಲು ನಿಮಗೂ ಒಂದು ನೆಪ ಸಿಗುತ್ತದೆ.

ಉದ್ರಿ ಎಂದಾಗ ಕಂಪನಿ ಗಿರಾಕಿಗಳ ಬಗ್ಗೆ ಒಂದು ವಿಷಯ. ಉದ್ಯಮ್ ನೋಂದಣಿ, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ಸಣ್ಣ ಉದ್ದಿಮೆ ಎಂಬ ದಾಖಲಾತಿ, ಮಾಡಿಸಿದ್ದೀರಾ? 2020ರ ಜುಲೈ 1ರಿಂದ ಆ ಪೋರ್ಟಲ್ ಇದೆ, ಶುಲ್ಕ ಇಲ್ಲ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನಿಮ್ಮಂಥ ಸಣ್ಣ ಘಟಕಕ್ಕೆ ಕೊಳ್ಳುವವರು, ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. 2023-24ರ ಆರ್ಥಿಕ ವರ್ಷದಿಂದ ಆದಾಯ ತೆರಿಗೆಯಲ್ಲೂ ಇದಕ್ಕೊಂದು ಬಿಗಿ ಬಂದಿದೆ: ಅವಧಿ ಮೀರಿ ಉಳಿಸಿಕೊಂಡರೆ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲೇ ತೋರಿಸಬೇಕು, ಮೊದಲೇ ಕಳೆದುಕೊಳ್ಳಲು ಬರುವುದಿಲ್ಲ. ಹೀಗಾಗಿ ಮಾರ್ಚ್ ಹತ್ತಿರ ಬಂದಂತೆ ಕಂಪನಿಗಳ ಲೆಕ್ಕಿಗರೇ ಸಣ್ಣ ಘಟಕಗಳ ಬಾಕಿ ಹುಡುಕಿ ತೆಗೆಯುತ್ತಾರೆ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚಾಗಿದ್ದರೆ ನಿಮ್ಮ ಬಾಕಿಯೂ ಅವರ ಕಣ್ಣಿಗೆ ಬೀಳುತ್ತದೆ. ಹತ್ತು ಸಲ ಸ್ಕೂಟರ್ ಹತ್ತಿ ಹೋಗುವುದಕ್ಕಿಂತ ಇದು ಸಲೀಸು.

ಜಿಎಸ್‌ಟಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ತೆರಿಗೆ ಸಲಹೆಗಾರರು ಇದ್ದಾರೆ. ತಿಂಗಳ ರಿಟರ್ನ್ ಆದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ತೆರಿಗೆ ಲೆಕ್ಕ ಕೊಟ್ಟು ಕಟ್ಟುವ 3ಬಿಗೆ 20 ಕೊನೆಯ ದಿನ. ವಾರ್ಷಿಕ ವಹಿವಾಟು 5 ಕೋಟಿಯೊಳಗಿದ್ದರೆ ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಆಯ್ಕೆ ಇದೆ, ನಮ್ಮ ರಾಜ್ಯಕ್ಕೆ ಆಗ 13 ಮತ್ತು 22. ನಡುವಿನ ಎರಡು ತಿಂಗಳು ತೆರಿಗೆಯನ್ನಷ್ಟೇ ಮುಂದಿನ ತಿಂಗಳ 25ರೊಳಗೆ ಕಟ್ಟಿದರೆ ಆಯಿತು. ತಿಂಗಳ ರಿಟರ್ನ್‌ನಲ್ಲಿದ್ದರೆ ಈ ಬದಲಾವಣೆಯ ಬಗ್ಗೆ ಸಲಹೆಗಾರರನ್ನು ಕೇಳಿ. ತಡವಾದರೆ ಬೀಳುವ ದಂಡ ದಿನಕ್ಕೆ 50 ರೂಪಾಯಿ, ತೆರಿಗೆ ಬಾಕಿ ಇದ್ದರೆ ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ. ದಂಡಕ್ಕಿಂತ ಕೆಟ್ಟದ್ದು 19ನೇ ತಾರೀಖಿನ ರಾತ್ರಿ ಬಿಲ್ಲು ಹುಡುಕುವುದು. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ, ಆ ವಾರದ ಬಿಲ್ಲುಗಳ ಫೋಟೊ ಕಳಿಸಿಬಿಟ್ಟರೆ ಆ ರಾತ್ರಿ ಬರುವುದೇ ಇಲ್ಲ.

ಪೇಪರ್‌ಗೋ ಪ್ಲೇಟ್‌ಗೋ ನೀವೇ ಹುಬ್ಬಳ್ಳಿಗೆ ಓಡುತ್ತಿದ್ದರೆ ಅದು ಅರ್ಧ ದಿನದ ಮಾತು. ದಾರಿಯೇ ಸುಮಾರು 60 ಕಿಲೋಮೀಟರ್, ಹೋಗಿಬರಲು ಮೂರು ತಾಸು ಹಿಡಿಯುತ್ತದೆ, ಅಲ್ಲಿ ಒಂದು ಕೆಲಸ ಅಂತ ಹೋದರೆ ಮೂರು ಸೇರುತ್ತವೆ. ವಾರಕ್ಕೊಂದು ದಿನ ಗೊತ್ತುಮಾಡಿ. ಉಳಿದಂತೆ ಬಸ್ಸಿನ ಪಾರ್ಸಲ್ ಇದೆ. ಪೇಪರ್ ‘ಆಗಲೇ ತರಬೇಕು’ ಎಂಬ ಸ್ಥಿತಿ ಬರುವುದು ದಾಸ್ತಾನು ಮುಗಿದ ಮೇಲೆ ನೋಡುವುದರಿಂದ. ನೀವು ಹೆಚ್ಚು ಬಳಸುವ ಮೂರು ನಾಲ್ಕು ತರದ ಪೇಪರ್‌ಗೆ ‘ಎರಡು ರೀಮ್ ಉಳಿದಾಗ ಹೇಳು’ ಎಂದು ಕಟಿಂಗ್ ನೋಡುವವರಿಗೆ ಹೇಳಿಡಿ.

ವರ್ಷದ ಲೆಕ್ಕವನ್ನೂ ಒಮ್ಮೆ ಹಾಕಿ. ನಿಮ್ಮ ಕಸುಬಿನ ಪುಣ್ಯ ಏನೆಂದರೆ ಗದ್ದಲ ಯಾವಾಗ ಬರುತ್ತದೆ ಎಂಬುದು ಪಂಚಾಂಗದಲ್ಲೇ ಇದೆ. ಆಷಾಢದಲ್ಲಿ ಲಗ್ನ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ತುಳಸಿ ಲಗ್ನ ಆದ ಮೇಲೆ ಮುಹೂರ್ತ ಶುರು, ಆಮೇಲೆ ಮಾಘದಿಂದ ಜ್ಯೇಷ್ಠದವರೆಗೆ ಬಿಡುವಿಲ್ಲ. ಪತ್ರಿಕೆಯ ಆರ್ಡರ್ ಮುಹೂರ್ತಕ್ಕೆ ಒಂದು ತಿಂಗಳು ಮೊದಲೇ ಬರುತ್ತದೆ. ಮಾರ್ಚ್-ಏಪ್ರಿಲ್‌ಗೆ ಬಿಲ್ ಬುಕ್, ಮೇ ತಿಂಗಳಿಗೆ ಶಾಲೆಗಳ ಕೆಲಸ. ದಸರೆಯಿಂದ ಕ್ಯಾಲೆಂಡರ್. ನಿಮಗೆ ನಿಜವಾದ ಇಕ್ಕಟ್ಟು ಕಾರ್ತಿಕ ಮಾಸದಲ್ಲಿ, ಕ್ಯಾಲೆಂಡರ್ ಮತ್ತು ತುಳಸಿ ಲಗ್ನದ ನಂತರದ ಪತ್ರಿಕೆಗಳು ಒಂದರ ಮೇಲೊಂದು ಬಿದ್ದಾಗ. ಕ್ಯಾಲೆಂಡರ್ ಆರ್ಡರ್ ದೀಪಾವಳಿಗೆ ಬಂದ್ ಎಂದು ಈಗಲೇ ಹೇಳಿಡಿ, ಬೇಗ ಕೊಟ್ಟವರಿಗೆ ಸ್ವಲ್ಪ ದರ ಇಳಿಸಿ. ಮಷಿನ್ ಬಿಚ್ಚಿ ರಿಪೇರಿ ಮಾಡಿಸುವುದು, ರೋಲರ್ ಬದಲಿಸುವುದು, ಆಳುಗಳ ರಜೆ, ನಿಮ್ಮ ಊರಿನ ತಿರುಗಾಟ ಎಲ್ಲ ಆಷಾಢಕ್ಕೆ. ಗದ್ದಲದ ದಿನ ಮಷಿನ್ ಕೆಟ್ಟು ನಿಂತರೆ ಮೇಲೆ ಹೇಳಿದ ಯಾವ ಬೋರ್ಡೂ ಕಾಪಾಡುವುದಿಲ್ಲ.

ಹರಟೆಗೆ ಕತ್ತರಿ ಹಾಕಿ ಎಂದು ನಾನು ಹೇಳಿಲ್ಲ ಎಂಬುದನ್ನು ಗಮನಿಸಿರಬೇಕು. ಬಹಳ ಜನ ಸಲಹೆಗಾರರು ಮೊದಲು ಅದನ್ನೇ ಹೇಳುತ್ತಾರೆ. ನಮ್ಮ ಊರುಗಳಲ್ಲಿ ಗಿರಾಕಿ ಕೂತು ಒಂದು ಚಹಾ ಕುಡಿದು, ಮಳೆ-ಬೆಳೆ, ಮನೆಯ ಸುದ್ದಿ ಮಾತಾಡಿ ಎದ್ದು ಹೋಗುವಾಗ ತಮ್ಮನ ಮಗಳ ಲಗ್ನದ ಪತ್ರಿಕೆಯೂ ನಿಮಗೇ ಎಂದು ಹೇಳಿಹೋಗುತ್ತಾರೆ. ಅದು ವ್ಯಾಪಾರವೇ. ಗಿರಾಕಿಯನ್ನು ಸಮಾಧಾನ ಮಾಡಲು ಆಡುವ ಮಾತು ತಪ್ಪಿದರೆ ಸಾಕು, ಸಂತೋಷಕ್ಕೆ ಆಡುವ ಮಾತಿಗೆ ವೇಳೆ ತಾನಾಗಿ ಸಿಗುತ್ತದೆ.

ಇವೆಲ್ಲದರ ಜೊತೆಗೆ ದಿನದಲ್ಲಿ ಒಂದು ಹೊತ್ತು ಮಾತ್ರ ನಿಮ್ಮದಾಗಿ ಇಟ್ಟುಕೊಳ್ಳಿ. ಎಂಟರಿಂದ ಒಂಬತ್ತೂವರೆ, ಗಿರಾಕಿಗಳು ಬರುವ ಮುಂಚೆ. ಬೋರ್ಡ್ ನೋಡಿ ಇವತ್ತಿನ ಸರದಿ ಹೇಳುವುದು, ದೊಡ್ಡ ಕೊಟೇಶನ್ ಹಾಕುವುದು, ಇವತ್ತು ಕೊಡಬೇಕಾದವರಿಗೆ ನೀವೇ ಫೋನ್ ಮಾಡುವುದು. ತಾರೀಖು ತಪ್ಪುವ ಹಾಗಿದ್ದರೆ ಅದನ್ನೂ ಆಗಲೇ, ಅವರು ಬಸ್ ಹತ್ತುವ ಮುಂಚೆಯೇ ಹೇಳಿಬಿಡುವುದು. ನರಗುಂದದವರು ಬಂದು ಕೂತ ಮೇಲೆ ಹೇಳಿದರೆ ಅರ್ಧ ತಾಸು, ಫೋನಿನಲ್ಲಿ ಒಂದು ನಿಮಿಷ.

ಕೊನೆಗೆ, ಇನ್ನೊಬ್ಬ ಆಳು ಬೇಕೇ ಎಂಬ ಪ್ರಶ್ನೆ. ಈಗಲೇ ಬೇಡ. ಬೋರ್ಡ್ ಹಾಕಿ, ಬಣ್ಣದ ಸರದಿ ಹಿಡಿದು, ಎರಡು ತಿಂಗಳು ನಡೆಸಿ ನೋಡಿ. ಆಗ ಬಾಕಿ ಚೀಟಿಗಳು ಯಾವ ಮನೆಯಲ್ಲಿ ಗುಡ್ಡೆ ಬೀಳುತ್ತವೆ ಎಂಬುದು ಕಣ್ಣಿಗೆ ಕಾಣುತ್ತದೆ. ‘ಮಷಿನ್‌ಗೆ ತಯಾರು’ ಮನೆಯಲ್ಲಿ ಬಿದ್ದರೆ ನಿಮಗೆ ಬೇಕಾದದ್ದು ಮಷಿನ್ ವೇಳೆ. ಆಗ ದೊಡ್ಡ ರನ್ (ಹೆಚ್ಚು ಪ್ರತಿ) ಇರುವ ಒಂದೆರಡು ಕೆಲಸವನ್ನು ಬೇರೆ ಪ್ರೆಸ್ಸಿಗೆ ಕೊಡುವುದು ಪಗಾರಕ್ಕಿಂತ ಅಗ್ಗ, ಗದಗಿನಲ್ಲಿ ಪ್ರೆಸ್‌ಗಳಿಗೇನು ಕಮ್ಮಿ. ಬೈಂಡಿಂಗ್‌ನಲ್ಲಿ ಬಿದ್ದರೆ ಗದ್ದಲದ ತಿಂಗಳುಗಳಲ್ಲಿ ಮಡಿಸುವ, ಅಂಟಿಸುವ ಕೆಲಸವನ್ನು ತುಂಡಿನ ಲೆಕ್ಕದಲ್ಲಿ ಮನೆಗಳಿಗೆ ಕೊಡಬಹುದು. ಪ್ರೂಫ್ ಮನೆಯಲ್ಲೇ ಬಿದ್ದರೆ ಮಾತ್ರ ಒಬ್ಬರನ್ನು ಇಟ್ಟುಕೊಳ್ಳಿ. ಮಷಿನ್ ಕೆಲಸದವರನ್ನಲ್ಲ, ಕೌಂಟರ್‌ನಲ್ಲಿ ಕೂತು ಕನ್ನಡ ತಪ್ಪಿಲ್ಲದೆ ಓದಬಲ್ಲ, ಗಿರಾಕಿಯೊಂದಿಗೆ ಸಮಾಧಾನದಿಂದ ಮಾತಾಡಬಲ್ಲ ಒಬ್ಬರನ್ನು. ಅವರು ಬಂದ ಮೊದಲ ವಾರ ಕೌಂಟರ್ ಫೋನು ಬಾರಿಸಿದಾಗ ಎತ್ತಲು ನಿಮ್ಮ ಕೈ ಮುಂದೆ ಹೋಗಬಾರದು.